ಶಾಲೆ ಬಿಟ್ಟ ಮೇಲಿನ ಮೂರು ಗಂಟೆ: ಮಕ್ಕಳ ಮೊಬೈಲ್ ಹೊತ್ತನ್ನು ಹಿಡಿತಕ್ಕೆ ತರುವ ಬಗೆ

ನಾನು ಬಲ್ಲ ಮನೆಗಳಲ್ಲೆಲ್ಲ ಮೊಬೈಲ್ ಜಗಳ ನಡೆಯುವುದು ಹೆಚ್ಚುಕಡಿಮೆ ಒಂದೇ ಹೊತ್ತಿನಲ್ಲಿ. ಮಗು ಶಾಲೆಯಿಂದ ಬಂದು ಚೀಲ ಇಳಿಸಿದ ಗಳಿಗೆಯಿಂದ ರಾತ್ರಿ ಊಟಕ್ಕೆ ಕೂರುವವರೆಗೆ. ಅಪ್ಪ ಇನ್ನೂ ಕೆಲಸದಿಂದ ಬಂದಿರುವುದಿಲ್ಲ. ಅಮ್ಮ ಗಾರ್ಮೆಂಟ್ಸ್ ಕೆಲಸ ಮುಗಿಸಿ ಬಂದು ಒಲೆ ಹಚ್ಚುತ್ತಿರುತ್ತಾರೆ. ಹಾಸನದ ಸುತ್ತಲಿನ ಹಳ್ಳಿಯಾದರೆ ಹಾಲು ಕರೆದು ಡೇರಿಗೆ ಹೊರಟಿರುತ್ತಾರೆ. ಮೊಮ್ಮಗನ ಹಿಂದೆ ಓಡುವಷ್ಟು ಕಸುವು ಅಜ್ಜಿಗೆ ಉಳಿದಿಲ್ಲ. ಆ ಹೊತ್ತಿನಲ್ಲಿ ಮಗುವನ್ನು ಒಂದೆಡೆ ಕೂರಿಸುವ ಶಕ್ತಿ ಇರುವುದು ಮೊಬೈಲ್‌ಗೆ ಮಾತ್ರ. ಇದಕ್ಕೆ ಯಾರ ಸೋಮಾರಿತನವೂ ಕಾರಣವಲ್ಲ, ಯಾರ ಪ್ರೀತಿಯೂ ಕಡಿಮೆಯಾಗಿಲ್ಲ.

ಹಾಗಾಗಿ ‘ಮಕ್ಕಳಿಗೆ ಮೊಬೈಲ್ ಕೊಡಬೇಡಿ’ ಎಂಬ ಉಪದೇಶ ಈ ಮನೆಗಳಲ್ಲಿ ಕೆಲಸಕ್ಕೆ ಬರುವುದಿಲ್ಲ. ಮೊಬೈಲ್ ತೆಗೆದಿಟ್ಟ ಮೇಲೆ ಖಾಲಿ ಉಳಿಯುವ ಆ ಮೂರು ಗಂಟೆಯಲ್ಲಿ ಮಗು ಏನು ಮಾಡಬೇಕು, ಯಾರ ಜತೆಗಿರಬೇಕು ಎಂಬುದಕ್ಕೆ ಮೊದಲು ಉತ್ತರ ಹುಡುಕಬೇಕು. ಆ ಉತ್ತರ ಅರ್ಧ ಮನೆಯಲ್ಲಿದೆ, ಇನ್ನರ್ಧ ಮಕ್ಕಳ ಶಾಲೆಯಲ್ಲಿದೆ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಒಂದೊಂದೇ ಹೆಜ್ಜೆಯಾಗಿ ಹೇಳುತ್ತೇನೆ. ಕ್ರಮವನ್ನು ಹಿಂದುಮುಂದು ಮಾಡಬೇಡಿ.

ಮೊದಲ ವಾರ: ಬರೆದಿಡಿ, ಬೈಯಬೇಡಿ

ಅಡುಗೆಮನೆಯ ಗೋಡೆಗೆ ಒಂದು ದೊಡ್ಡ ಹಾಳೆ ಅಂಟಿಸಿ. ಯಾರು, ಎಷ್ಟು ಹೊತ್ತಿಗೆ, ಏನು ನೋಡಿದರು, ಎಷ್ಟು ನಿಮಿಷ ಎಂದು ನಾಲ್ಕು ಕಾಲಂ ಎಳೆಯಿರಿ. ಐದನೆಯದೊಂದು ಇರಲಿ: ಮೊಬೈಲ್ ಕೊಟ್ಟವರು ಯಾರು, ಯಾಕೆ ಕೊಟ್ಟರು. ಇಡೀ ಹಾಳೆಯ ಜೀವ ಇರುವುದು ಈ ಐದನೆಯ ಕಾಲಂನಲ್ಲಿ. ‘ಬೇಗ ಊಟ ಮಾಡಲಿ ಎಂದು’, ‘ನೆಂಟರು ಬಂದಿದ್ದರು’, ‘ಬಸ್ಸಿನಲ್ಲಿ ಅಳುತ್ತಿದ್ದ’, ‘ಹೋಂವರ್ಕ್ ವಾಟ್ಸ್‌ಆ್ಯಪ್‌ನಲ್ಲಿ ಬಂದಿತ್ತು’, ‘ನನಗೆ ತಲೆನೋವು’. ವಾರದ ಕೊನೆಗೆ ಓದಿದರೆ ಮಗುವಿನ ಹಟಕ್ಕಿಂತ ದೊಡ್ಡವರ ತುರ್ತುಗಳೇ ಅಲ್ಲಿ ಹೆಚ್ಚಾಗಿ ಕಾಣುತ್ತವೆ. ಯಾವ ತುರ್ತಿಗೆ ಬೇರೆ ದಾರಿ ಇದೆ ಎಂದು ಆಮೇಲೆ ಯೋಚಿಸಬಹುದು.

ದೊಡ್ಡವರ ಲೆಕ್ಕವನ್ನೂ ಅದೇ ಹಾಳೆಯಲ್ಲಿ ಬರೆಯಿರಿ. ಅಂದಾಜಿಗಿಂತ ಫೋನೇ ಸರಿಯಾದ ಲೆಕ್ಕ ಕೊಡುತ್ತದೆ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಡಿಜಿಟಲ್ ವೆಲ್‌ಬೀಯಿಂಗ್’, ಐಫೋನಿನಲ್ಲಿ ‘ಸ್ಕ್ರೀನ್ ಟೈಮ್’ ತೆರೆದರೆ ಯಾವ ಆ್ಯಪ್‌ನಲ್ಲಿ ಎಷ್ಟು ಹೊತ್ತು ಕಳೆಯಿತು, ದಿನಕ್ಕೆ ಎಷ್ಟು ಸಲ ಫೋನ್ ತೆರೆದಿರಿ ಎಂಬುದೆಲ್ಲ ಇರುತ್ತದೆ. ಮಗುವಿನ ಎದುರಿಗೇ ನಿಮ್ಮ ಅಂಕಿಯನ್ನು ಬರೆಯಿರಿ.

ಟಿವಿಯೂ ಲೆಕ್ಕಕ್ಕೆ ಬರುತ್ತದೆ. ಆದರೆ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ. ಬೆಂಗಳೂರಿನಲ್ಲಿರುವ ಅತ್ತೆಯೊಡನೆ ವಿಡಿಯೊ ಕರೆಯಲ್ಲಿ ಮಾತನಾಡುವುದು ಬೇರೆ, ಪಠ್ಯಪುಸ್ತಕದ ಕ್ಯೂಆರ್ ಕೋಡ್ ಹಿಡಿದು ದೀಕ್ಷಾ ಆ್ಯಪ್‌ನಲ್ಲಿ ವಿಜ್ಞಾನದ ಪಾಠ ನೋಡುವುದು ಬೇರೆ, ಹೆಬ್ಬೆರಳಿನಲ್ಲಿ ಒಂದರ ಹಿಂದೊಂದು ರೀಲ್ಸ್ ತಳ್ಳುತ್ತಾ ಕೂರುವುದು ಬೇರೆ. ಕತ್ತರಿ ಹಾಕಬೇಕಾದದ್ದು ಮೂರನೆಯದಕ್ಕೆ.

ವಯಸ್ಸಿಗೆ ತಕ್ಕ ಮಿತಿ

ಇಲ್ಲಿ ಹೆಚ್ಚು ಚರ್ಚೆ ಬೇಕಿಲ್ಲ, ವೈದ್ಯರು ಹೇಳಿದ್ದಾರೆ. ಭಾರತೀಯ ಮಕ್ಕಳ ತಜ್ಞರ ಸಂಘದ ಮಾರ್ಗಸೂಚಿಯ ಪ್ರಕಾರ 2 ವರ್ಷದೊಳಗಿನ ಮಗುವಿಗೆ ಸ್ಕ್ರೀನ್ ಬೇಡವೇ ಬೇಡ. ಅಪರೂಪಕ್ಕೆ ಬಂಧುಗಳ ಜತೆ ವಿಡಿಯೊ ಕರೆ ಆಗಬಹುದು. 2ರಿಂದ 5 ವರ್ಷದವರೆಗೆ ದಿನಕ್ಕೆ ಹೆಚ್ಚೆಂದರೆ 1 ಗಂಟೆ, ಅದೂ ದೊಡ್ಡವರು ಪಕ್ಕದಲ್ಲಿ ಕುಳಿತಾಗ. 5ರಿಂದ 10 ವರ್ಷದವರಿಗೆ 2 ಗಂಟೆಗಿಂತ ಕಡಿಮೆ. ಅದಕ್ಕಿಂತ ದೊಡ್ಡ ಮಕ್ಕಳಿಗೆ ಗಂಟೆಯ ಲೆಕ್ಕಕ್ಕಿಂತ ಬೇರೆ ಮೂರು ಪ್ರಶ್ನೆ ಮುಖ್ಯ: ನಿದ್ದೆ ಆಯಿತೇ, ಆಟ ಆಯಿತೇ, ಓದು ಆಯಿತೇ? 6ರಿಂದ 12 ವರ್ಷದ ಮಗುವಿಗೆ 9ರಿಂದ 12 ಗಂಟೆ ನಿದ್ದೆ ಬೇಕು. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವಂತೆ ಓಡಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಿನದ 24 ಗಂಟೆಯಲ್ಲಿ ಇವುಗಳಿಗೆ ಮೊದಲು ಜಾಗ ಕೊಡಿ, ಮೊಬೈಲ್‌ಗೆ ಉಳಿದದ್ದು.

ಭಾನುವಾರ ಎಲ್ಲರೂ ಕುಳಿತು ನಿಯಮ ಮಾಡಿ

ತಿಂಡಿ ಮುಗಿದ ಮೇಲೆ ಕುಳಿತುಕೊಳ್ಳಿ. ಅಜ್ಜ ಅಜ್ಜಿ ಇರಲೇಬೇಕು. ಅವರನ್ನು ಬಿಟ್ಟು ಮಾಡಿದ ನಿಯಮ ನೀವು ಕೆಲಸಕ್ಕೆ ಹೊರಟ ಗಳಿಗೆಯಲ್ಲೇ ಮುರಿಯುತ್ತದೆ.

ನಿಯಮ ಮೂರೇ ಇರಲಿ. ಊಟದ ಹೊತ್ತಿನಲ್ಲಿ ಯಾರ ಕೈಯಲ್ಲೂ ಮೊಬೈಲ್ ಇಲ್ಲ, ಟಿವಿಯೂ ಆರಿರುತ್ತದೆ. ಮಲಗುವ ಒಂದು ಗಂಟೆ ಮೊದಲು ಮನೆಯ ಫೋನುಗಳೆಲ್ಲ ಹಜಾರದ ಒಂದು ಕಪಾಟಿನ ಮೇಲೆ ಚಾರ್ಜಿಗೆ ಹೋಗುತ್ತವೆ, ಮಲಗುವ ಕೋಣೆಗೆ ಬರುವುದಿಲ್ಲ. ಶಾಲೆಯಿಂದ ಬಂದ ಮೇಲೆ ಮೊದಲು ತಿಂಡಿ ಮತ್ತು ಹೊರಗಿನ ಆಟ, ಆಮೇಲೆ ಓದು, ಕೊನೆಗೆ ಸ್ಕ್ರೀನ್. ಈ ಮೂರನೆಯ ನಿಯಮದಲ್ಲಿ ಕ್ರಮವೇ ಎಲ್ಲ. ಬಂದ ಕೂಡಲೇ ಮೊಬೈಲ್ ಸಿಕ್ಕಿದ ದಿನ ಆಟವೂ ಇಲ್ಲ, ಓದೂ ಇಲ್ಲ.

ಮಕ್ಕಳು ಪ್ರಶ್ನೆ ಕೇಳುತ್ತಾರೆ, ಕೇಳಲಿ. ನಮ್ಮ ಬೀದಿಯ ಮನೆಯೊಂದರಲ್ಲಿ ಮೂರನೇ ತರಗತಿಯ ಹುಡುಗಿ ನೇರವಾಗಿ ಕೇಳಿದ್ದಳು: “ಅಜ್ಜಿ, ನೀನು ಧಾರಾವಾಹಿ ನೋಡಿಕೊಂಡೇ ಊಟ ಮಾಡುತ್ತೀಯಲ್ಲ?” ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಸರಿ ಮಗಳೇ, ಇನ್ನು ಮೇಲೆ ಧಾರಾವಾಹಿ ಮುಗಿದ ಮೇಲೆ ಊಟಕ್ಕೆ ಕೂರೋಣ, ಆಗಬಹುದಾ?” ಎಂದರು. ಆ ಮನೆಯಲ್ಲಿ ಊಟದ ಹೊತ್ತು ಅರ್ಧ ಗಂಟೆ ಮುಂದೆ ಹೋಯಿತು, ನಿಯಮ ಉಳಿಯಿತು. ಹಿರಿಯರನ್ನು ಗೌರವದಿಂದಲೇ ಒಪ್ಪಂದಕ್ಕೆ ಸೇರಿಸಿಕೊಳ್ಳಲು ಬರುತ್ತದೆ ಎನ್ನುವುದಕ್ಕೆ ಇದನ್ನು ಹೇಳಿದೆ. ಅಪ್ಪನಿಗೆ ರಾತ್ರಿ ಕೆಲಸದ ಕರೆ ಬರುವುದಾದರೆ ಅದನ್ನೂ ಮುಚ್ಚಿಡದೆ ಹೇಳಿ: ಕರೆ ಬಂದರೆ ಎದ್ದು ಹೊರಗೆ ಹೋಗಿ ಮಾತನಾಡುತ್ತೇನೆ, ಮುಗಿದ ಮೇಲೆ ಫೋನ್ ಕಪಾಟಿಗೆ.

ಫೋನನ್ನು ಸಿದ್ಧಪಡಿಸಿ

ನಮ್ಮ ಕಡೆ ಬಹುತೇಕ ಚಿಕ್ಕ ಮಕ್ಕಳಿಗೆ ಸ್ವಂತ ಫೋನ್ ಇರುವುದಿಲ್ಲ, ಅಪ್ಪ ಅಮ್ಮನ ಫೋನನ್ನೇ ನೋಡುತ್ತಾರೆ. ಅಂಥ ಮನೆಗಳಿಗೆ ಬೇಕಾದ ಸಿದ್ಧತೆ ಸುಲಭ. ಯೂಟ್ಯೂಬ್‌ನಲ್ಲಿ ಆಟೊಪ್ಲೇ ಆಫ್ ಮಾಡಿ. ಒಂದು ವಿಡಿಯೊ ಮುಗಿದ ಮೇಲೆ ಇನ್ನೊಂದು ತಾನಾಗಿ ಶುರುವಾಗದಿದ್ದರೆ ಅರ್ಧ ಜಗಳ ತಪ್ಪುತ್ತದೆ. ಚಿಕ್ಕವರಿಗೆ ಯೂಟ್ಯೂಬ್ ಕಿಡ್ಸ್ ಹಾಕಿಕೊಡಿ, ಅದರೊಳಗೆ ಟೈಮರ್ ಇದೆ, ಹೊತ್ತು ಮುಗಿದ ಕೂಡಲೇ ಬೀಗ ಬೀಳುತ್ತದೆ. ಆಂಡ್ರಾಯ್ಡ್‌ನ ‘ಆ್ಯಪ್ ಪಿನ್ನಿಂಗ್’ ಸೌಲಭ್ಯವನ್ನು, ಹೊರಬರಲು ಪಿನ್ ಕೇಳುವಂತೆ ಹೊಂದಿಸಿ ಬಳಸಿದರೆ ಮಗು ನೀವು ತೆರೆದುಕೊಟ್ಟ ಆ್ಯಪ್ ಬಿಟ್ಟು ಬೇರೆಡೆಗೆ ಹೋಗಲಾರದು. ಪಾಠದ ವಿಡಿಯೊ ಆದರೆ ಡೌನ್‌ಲೋಡ್ ಮಾಡಿ ಡೇಟಾ ಆಫ್ ಮಾಡಿಯೇ ಕೈಗೆ ಕೊಡಿ. ಟಿವಿಗೆ ಜೋಡಿಸಲು ಸಾಧ್ಯವಾದರೆ ಇನ್ನೂ ಒಳ್ಳೆಯದು: ಕಣ್ಣಿಗೆ ದೂರ, ಮನೆಯವರಿಗೆಲ್ಲ ಕಾಣುತ್ತದೆ, ಏನು ನಡೆಯುತ್ತಿದೆ ಎಂದು ಇಣುಕಿ ನೋಡಬೇಕಾಗಿಲ್ಲ.

ಸ್ವಂತ ಫೋನ್ ಇರುವ ಮಕ್ಕಳಿಗೆ ಗೂಗಲ್‌ನ ಫ್ಯಾಮಿಲಿ ಲಿಂಕ್ ಉಚಿತವಾಗಿ ಸಿಗುತ್ತದೆ. ದಿನದ ಮಿತಿ, ಮಲಗುವ ಹೊತ್ತಿನ ಬೀಗ, ಹೊಸ ಆ್ಯಪ್ ಹಾಕುವ ಮುನ್ನ ನಿಮ್ಮ ಒಪ್ಪಿಗೆ ಎಲ್ಲವನ್ನೂ ನಿಮ್ಮ ಫೋನಿನಿಂದಲೇ ಹೊಂದಿಸಬಹುದು. ಮಗುವಿಗೆ ತಿಳಿಸಿಯೇ ಹಾಕಿ. ಕದ್ದು ಕಾವಲು ಕೂತಿದ್ದೀರಿ ಎಂದು ಗೊತ್ತಾದ ದಿನ ಹೈಸ್ಕೂಲ್ ಹುಡುಗ ನಿಮ್ಮನ್ನು ನಂಬುವುದನ್ನು ಬಿಡುತ್ತಾನೆ.

ಯುಪಿಐ ಪಿನ್ ಮಕ್ಕಳಿಗೆ ಹೇಳಬೇಡಿ, ಅವರೆದುರು ಒತ್ತಲೂ ಬೇಡಿ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಮಗುವಿನ ಫೋನಿನಲ್ಲಿ ಅಂಥದ್ದು ಕಂಡರೆ ತಡಮಾಡದೆ ಕೂರಿಸಿ ಮಾತನಾಡಿ. ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಆಫ್ ಮಾಡಿಸುವ ಹೊತ್ತು

ಇದು ಎಲ್ಲಕ್ಕಿಂತ ಕಷ್ಟದ ಹೆಜ್ಜೆ. ಆಟದ ನಡುವೆ ಕೈಯಿಂದ ಕಿತ್ತುಕೊಂಡರೆ ಯಾವ ಮಗುವಾದರೂ ಕಿರುಚುತ್ತದೆ. ದೊಡ್ಡವರಾದ ನಮ್ಮೆದುರು ಕ್ರಿಕೆಟ್ ಪಂದ್ಯದ ಕೊನೆಯ ಓವರ್‌ನಲ್ಲಿ ಟಿವಿ ಆರಿಸಿದರೆ ನಾವು ಸುಮ್ಮನಿರುತ್ತೇವೆಯೇ?

ಶುರು ಮಾಡುವಾಗಲೇ ಕೊನೆ ಗೊತ್ತಿರಲಿ. “ಎರಡು ಕಾರ್ಟೂನ್, ಆಮೇಲೆ ಆಫ್” ಎಂದು ಹೇಳಿ. ಚಿಕ್ಕವರಿಗೆ ನಿಮಿಷದ ಲೆಕ್ಕ ತಿಳಿಯುವುದಿಲ್ಲ, ಕಾರ್ಟೂನಿನ ಲೆಕ್ಕ ತಿಳಿಯುತ್ತದೆ. ಮುಗಿಯುವ ಐದು ನಿಮಿಷ ಮೊದಲು ಹತ್ತಿರ ಹೋಗಿ, ಪಕ್ಕದಲ್ಲಿ ಕುಳಿತು, ಹೆಗಲ ಮೇಲೆ ಕೈಯಿಟ್ಟು ನೆನಪಿಸಿ. ಅಡುಗೆಮನೆಯಿಂದ ಕೂಗಿದ್ದು ಅವರ ಕಿವಿಗೆ ಬೀಳುವುದಿಲ್ಲ. ಏನು ನೋಡುತ್ತಿದ್ದಾರೆ ಎಂದು ಕೇಳಿ, ಒಂದು ನಿಮಿಷ ನೀವೂ ನೋಡಿ. ಆಮೇಲೆ ಆಫ್ ಮಾಡುವ ಕೆಲಸ ಮಗುವಿನದೇ ಇರಲಿ. ತನ್ನ ಬೆರಳಿನಿಂದ ಆರಿಸಿ, ತಾನೇ ಕಪಾಟಿಗೆ ಇಟ್ಟು ಬಂದ ಮಗು ಸೋತೆ ಎಂದು ಭಾವಿಸುವುದಿಲ್ಲ.

ಮುಂದಿನ ಕೆಲಸ ಆಗಲೇ ಸಿದ್ಧವಿರಬೇಕು. ಕೈ ಖಾಲಿಯಾದ ಮಗುವಿಗೆ “ಹೋಗು, ಏನಾದರೂ ಆಡಿಕೋ” ಎಂದರೆ ಅದು ಮತ್ತೆ ಕಪಾಟಿನ ಕಡೆಗೇ ನಡೆಯುತ್ತದೆ. “ಬಾ, ರೊಟ್ಟಿ ಹಿಟ್ಟು ನಾದೋಣ” ಎಂದರೆ ಬರುತ್ತದೆ.

ಮೊದಲ ವಾರ ಅಳು, ಕೋಪ, ಬಾಗಿಲು ಬಡಿಯುವುದು ಎಲ್ಲ ಇರುತ್ತದೆ. ಬೈಯದೆ, ಹೊಡೆಯದೆ, ಮಣಿಯದೆ ಇರಿ. ಅತ್ತರೆ ಇನ್ನೂ ಹತ್ತು ನಿಮಿಷ ಸಿಗುತ್ತದೆ ಎಂದು ಮಗು ಒಮ್ಮೆ ಕಲಿತರೆ ಮರುದಿನ ಇನ್ನೂ ಜೋರಾಗಿ ಅಳುತ್ತದೆ. ಅಜ್ಜಿ ಕನಿಕರದಿಂದ ಕೊಟ್ಟುಬಿಡುವುದು ಇಲ್ಲೇ. ಆದ್ದರಿಂದ ಆ ಒಂದು ವಾರ ಸಂಜೆ ಅಪ್ಪ ಅಮ್ಮನಲ್ಲಿ ಒಬ್ಬರಾದರೂ ಬೇಗ ಮನೆಗೆ ಬರುವಂತೆ ಹೊಂದಿಸಿಕೊಳ್ಳಿ.

ತುತ್ತು ತಿನ್ನಿಸಲು ಮೊಬೈಲ್ ತೋರಿಸುವ ರೂಢಿ ಇದ್ದರೆ ಒಂದೇ ದಿನಕ್ಕೆ ನಿಲ್ಲಿಸಬಹುದು, ಆದರೆ ಎರಡು ಮೂರು ದಿನ ಮಗು ಕಡಿಮೆ ತಿಂದೀತು. ಗಾಬರಿ ಬೇಡ. ತಟ್ಟೆ ಎದುರಿಗಿಟ್ಟು ಮನೆಯವರ ಜತೆ ಕೂರಿಸಿ, ಕೈಗೊಂದು ಮುದ್ದೆಯ ತುಣುಕು ಕೊಡಿ. ಹಸಿವಾದ ಮಗು ತಿನ್ನುತ್ತದೆ. ತೂಕ ಇಳಿಯುತ್ತಿದೆ ಎನಿಸಿದರೆ ಮಕ್ಕಳ ವೈದ್ಯರಿಗೆ ತೋರಿಸಿ.

ಸಂಜೆಗೆ ಜನ ಮತ್ತು ಕೆಲಸ ಕೊಡಿ

ಮಕ್ಕಳಿಗೆ ದುಬಾರಿ ಆಟಿಕೆ ಬೇಕಿಲ್ಲ, ಜತೆಗೆ ಯಾರಾದರೂ ಬೇಕು. ಇದನ್ನು ಬರೆಯುವಾಗ ನನ್ನ ಕಣ್ಣ ಮುಂದಿರುವುದು ನಮ್ಮ ಜಿಲ್ಲೆಯ ಮನೆಗಳಲ್ಲಿ ಈಗಾಗಲೇ ನಡೆಯುತ್ತಿರುವ ಕೆಲಸಗಳೇ. ಮಕ್ಕಳನ್ನು ಅದರೊಳಗೆ ಸೇರಿಸಿಕೊಳ್ಳುವುದನ್ನು ನಾವು ಬಿಟ್ಟಿದ್ದೇವೆ, ಅಷ್ಟೇ.

ಡಿಸೆಂಬರ್, ಜನವರಿಯಲ್ಲಿ ಸೊಗಡಿನ ಅವರೆಕಾಯಿ ಬರುತ್ತದೆ. ಸಂಜೆ ಮೊರದ ತುಂಬ ಕಾಯಿ ಸುರಿದು ಮಕ್ಕಳನ್ನು ಸುತ್ತ ಕೂರಿಸಿ. ಸಿಪ್ಪೆ ಬಿಡಿಸುವುದು, ಹುಳುಕು ಬೇರೆ ಮಾಡುವುದು, ಒಂದು ಕಾಯಿಯಲ್ಲಿ ಎಷ್ಟು ಕಾಳು ಎಂದು ಪಂದ್ಯ ಕಟ್ಟುವುದು. ನೆನೆಹಾಕಿದ ಕಾಳನ್ನು ಮರುದಿನ ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಹಿದುಕಿದರೆ ಒಳಗಿನ ಹಸಿರು ಬೇಳೆ ಪಟ್ಟನೆ ಚಿಮ್ಮಿ ಪಾತ್ರೆಗೆ ಬೀಳುತ್ತದೆ, ಕೆಲವು ಗುರಿ ತಪ್ಪಿ ತಾತನ ಮಡಿಲಿಗೂ ಬೀಳುತ್ತವೆ. ಆರು ವರ್ಷದ ಮಗುವೂ ಇದನ್ನು ಮಾಡಬಲ್ಲದು. ಬೆರಳ ತುದಿಗೆ ಕಸುವು ಬರುತ್ತದೆ, ರಾತ್ರಿ ಹಿದುಕಿದ ಬೇಳೆ ಸಾರು ಬಡಿಸಿದಾಗ “ಇದು ನಾನು ಹಿದುಕಿದ್ದು” ಎನ್ನುತ್ತಾ ಮಗು ಎರಡು ಸಲ ಹಾಕಿಸಿಕೊಳ್ಳುತ್ತದೆ.

ಹಳ್ಳಿಯಲ್ಲಿ ಡೇರಿಗೆ ಹೋಗುವಾಗ ಮಗುವನ್ನು ಕರೆದುಕೊಂಡು ಹೋಗಿ. ಚೀಟಿಯಲ್ಲಿ ಬರುವ ಲೀಟರ್, ಫ್ಯಾಟ್, ದರ ಮೂರನ್ನೂ ಗಟ್ಟಿಯಾಗಿ ಓದಿಸಿ, ದುಡ್ಡಿನ ಲೆಕ್ಕವನ್ನು ಮಗುವಿನ ಕೈಯಲ್ಲೇ ಮಾಡಿಸಿ. ದಶಮಾಂಶದ ಗುಣಾಕಾರಕ್ಕೆ ಇದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ಗೊತ್ತಿಲ್ಲ.

ಮನೆಯೊಳಗೆ ಚೌಕಾಬಾರ ಇರಲಿ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದೈದರ ಮನೆ ಎಳೆದರಾಯಿತು. ಕವಡೆ ಇಲ್ಲದಿದ್ದರೆ ನಾಲ್ಕು ಹುಣಸೆ ಬೀಜ ತೆಗೆದುಕೊಂಡು ಒಂದು ಮೈಯನ್ನು ಕಲ್ಲಿಗೆ ತೇಯಿರಿ, ಬಿಳಿ ಕಾಣುವವರೆಗೆ. ಬೀಜ ತೇಯುವುದೇ ಒಂದು ಸಂಜೆಯ ಆಟ. ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕು ಮನೆ; ನಾಲ್ಕೂ ಕಪ್ಪು ಬಿದ್ದರೆ ಬಾರ, ಎಂಟು ಮನೆ. ಎರಡಕ್ಕೂ ಇನ್ನೊಂದು ಸಲ ಹಾಕಬಹುದು. ಎದುರಾಳಿಯ ಕಾಯಿಯೊಂದನ್ನಾದರೂ ಹೊಡೆಯದೆ ಒಳಮನೆಗೆ ಹೋಗುವಂತಿಲ್ಲ. ಅಜ್ಜಿಯರು ಈ ಆಟದಲ್ಲಿ ಮಕ್ಕಳಿಗೆ ರಿಯಾಯಿತಿ ಕೊಡುವುದಿಲ್ಲ. ಮಕ್ಕಳಿಗೆ ಅದೇ ಇಷ್ಟ.

ಹೊರಗೆ ಲಗೋರಿ, ಕುಂಟೆಬಿಲ್ಲೆ, ಖೋ ಖೋ. ಹಾಸನ ನಗರದಲ್ಲಿ ಬೀದಿಯಲ್ಲಿ ವಾಹನ ಹೆಚ್ಚಾಗಿದ್ದರೆ ಮೂರು ನಾಲ್ಕು ಮನೆಯವರು ಸರದಿ ಹಾಕಿಕೊಂಡು ಮಕ್ಕಳನ್ನು ಮಹಾರಾಜ ಪಾರ್ಕಿಗೋ ಹತ್ತಿರದ ಮೈದಾನಕ್ಕೋ ಕರೆದೊಯ್ಯಬಹುದು. ಸೋಮವಾರ ಒಬ್ಬರ ಪಾಳಿ, ಬುಧವಾರ ಇನ್ನೊಬ್ಬರದು. ಹೊರಗಿನ ಬೆಳಕಿನಲ್ಲಿ ಹೆಚ್ಚು ಹೊತ್ತು ಕಳೆಯುವ ಮಕ್ಕಳಿಗೆ ಸಮೀಪದೃಷ್ಟಿ ಶುರುವಾಗುವ ಸಾಧ್ಯತೆ ಕಡಿಮೆ ಎಂದು ಕಣ್ಣಿನ ವೈದ್ಯರು ಹೇಳುತ್ತಾರೆ.

ಓದುವ ಮಗುವಿಗೆ ಗ್ರಾಮ ಪಂಚಾಯಿತಿಯ ಗ್ರಂಥಾಲಯವಿದೆ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಮಗುವಿನ ಹೆಸರಿನಲ್ಲೇ ಕಾರ್ಡು ಮಾಡಿಸಿ. ಪುಸ್ತಕವನ್ನು ಮಗುವೇ ಆರಿಸಲಿ, ಕಾಮಿಕ್ಸ್ ಆರಿಸಿದರೂ ಸರಿ.

ಶಾಲೆಯೊಳಗೆ ಕಾಲಿಡಿ

ನಮ್ಮಲ್ಲಿ ಪೋಷಕರು ಶಾಲೆಗೆ ಹೋಗುವುದು ಎರಡೇ ಕಾರಣಕ್ಕೆ: ಫೀಸು ಅಥವಾ ದೂರು. ಇದು ಬದಲಾಗಬೇಕು. ಮಗುವಿನ ಗೆಳೆಯರಿರುವುದು, ಮೈದಾನವಿರುವುದು, ಗುರುತಿನ ದೊಡ್ಡವರಿರುವುದು ಶಾಲೆಯಲ್ಲಿ. ಮೊಬೈಲ್‌ಗೆ ಎದುರಾಗಿ ನಿಲ್ಲುವಷ್ಟು ಸೆಳೆತ ಇರುವ ಜಾಗ ಬೇರೆ ಯಾವುದೂ ಇಲ್ಲ.

ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಇರಬೇಕು, ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಸದಸ್ಯರಲ್ಲದಿದ್ದರೂ ಪೋಷಕರ ಸಭೆಗೆ ಹೋಗಿ. ಅಲ್ಲಿ ಒಂದೇ ಒಂದು ವಿಷಯ ಎತ್ತಿ: ಹೋಂವರ್ಕನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವ ಬದಲು ತರಗತಿಯಲ್ಲೇ ಡೈರಿಯಲ್ಲಿ ಬರೆಸಬಹುದೇ? ಹೆಚ್ಚಿನ ಶಿಕ್ಷಕರು ಒಪ್ಪುತ್ತಾರೆ, ಅವರ ಮನೆಯಲ್ಲೂ ಮಕ್ಕಳಿದ್ದಾರೆ. ಒಪ್ಪದಿದ್ದರೆ ಮನೆಯಲ್ಲಿ ನೀವೇ ಸಂದೇಶ ನೋಡಿ ಕಾಗದಕ್ಕೆ ಇಳಿಸಿಕೊಡಿ. ‘ಹೋಂವರ್ಕ್ ನೋಡಬೇಕು’ ಎಂದು ಫೋನ್ ಕೇಳುವ ದಾರಿ ಮುಚ್ಚುತ್ತದೆ.

ಮುಂದಿನದು ಪ್ರತಿಭಾ ಕಾರಂಜಿ. ಶಿಕ್ಷಣ ಇಲಾಖೆ ನಡೆಸುವ ಈ ಸ್ಪರ್ಧೆ ಕ್ಲಸ್ಟರ್ ಹಂತದಿಂದ ತಾಲ್ಲೂಕು, ಜಿಲ್ಲೆ, ರಾಜ್ಯದವರೆಗೆ ಹೋಗುತ್ತದೆ. ಕಂಠಪಾಠ, ಕಥೆ ಹೇಳುವುದು, ಛದ್ಮವೇಷ, ಮಿಮಿಕ್ರಿ, ಮಣ್ಣಿನ ಮಾದರಿ, ಆಶುಭಾಷಣ, ಕೋಲಾಟ: ಓದಿನಲ್ಲಿ ಹಿಂದಿರುವ ಮಗುವಿಗೂ ಇದರಲ್ಲೊಂದು ಜಾಗ ಸಿಗುತ್ತದೆ. ವರ್ಷದ ಆರಂಭದಲ್ಲೇ ಶಿಕ್ಷಕರನ್ನು ಕೇಳಿ ಒಂದು ವಿಭಾಗ ಆರಿಸಿಕೊಳ್ಳಿ, ದಿನಕ್ಕೆ ಇಪ್ಪತ್ತು ನಿಮಿಷ ಅಭ್ಯಾಸ. ಕಥೆ ಹೇಳುವುದನ್ನು ಆರಿಸಿದರೆ ಗುರು ಮನೆಯಲ್ಲೇ ಇದ್ದಾರೆ, ಅಜ್ಜ. ಬಹುಮಾನದ ಮಾತನ್ನು ಎತ್ತಬೇಡಿ. ನಾಲ್ಕು ಜನರೆದುರು ನಿಂತು ಬಾಯಿ ಬಿಟ್ಟು ಮಾತನಾಡಿದ ಮಗು ಮರುದಿನ ಬೇರೆಯೇ ಧೈರ್ಯದಲ್ಲಿ ಶಾಲೆಗೆ ಹೋಗುತ್ತದೆ.

ಸಂಭ್ರಮ ಶನಿವಾರ ಎಂಬ ಬ್ಯಾಗ್ ರಹಿತ ದಿನದಲ್ಲಿ ಪೋಷಕರ ಕಸುಬಿಗೆ ಜಾಗವಿದೆ ಎಂದು ನನಗನ್ನಿಸುತ್ತದೆ. ಮುಖ್ಯ ಶಿಕ್ಷಕರ ಹತ್ತಿರ ಮೊದಲೇ ಮಾತನಾಡಿ. ಆಲೂಗಡ್ಡೆ ಬೆಳೆಯುವ ತಂದೆಯೊಬ್ಬರು ಬಿತ್ತನೆ ಗಡ್ಡೆ ತಂದು, ಪ್ರತಿ ಹೋಳಿಗೂ ಕಣ್ಣು ಇರುವಂತೆ ಹೇಗೆ ಕತ್ತರಿಸಬೇಕು ಎಂದು ತೋರಿಸಲಿ, ಮಕ್ಕಳು ಒಂದೊಂದು ಹೋಳನ್ನು ಶಾಲೆಯ ಕೈತೋಟದಲ್ಲಿ ನೆಟ್ಟು ತಿಂಗಳುಗಟ್ಟಲೆ ನೋಡಿಕೊಳ್ಳಲಿ. ಹೊಲಿಗೆ ಬಲ್ಲ ತಾಯಿ ಗುಂಡಿ ಹಾಕುವುದನ್ನು ಕಲಿಸಲಿ, ಗಂಡು ಮಕ್ಕಳಿಗೂ. ಗಾರೆ ಕೆಲಸದವರು ತೂಕದ ಗುಂಡು ಇಳಿಬಿಟ್ಟು ಗೋಡೆ ನೆಟ್ಟಗಿದೆಯೇ ಎಂದು ನೋಡುವ ಬಗೆ ತೋರಿಸಲಿ. ತನ್ನ ಅಪ್ಪ ತರಗತಿಯ ಮುಂದೆ ನಿಂತು ಕಲಿಸುವುದನ್ನು ಕಂಡ ಮಗುವಿನ ಮುಖವನ್ನು ಒಮ್ಮೆ ನೋಡಬೇಕು.

ಶನಿವಾರ ಅರ್ಧ ದಿನ ಶಾಲೆ. ಮಧ್ಯಾಹ್ನ ಮೈದಾನ ಖಾಲಿ ಇರುತ್ತದೆ, ಮಕ್ಕಳ ಕೈಗೆ ಮೊಬೈಲ್ ಬರುವುದೂ ಆಗಲೇ. ನಾಲ್ಕೈದು ಮನೆಯವರು ಸೇರಿ ಮುಖ್ಯ ಶಿಕ್ಷಕರಿಗೆ ಒಂದು ಪತ್ರ ಕೊಟ್ಟು, ಎರಡು ಗಂಟೆ ಮೈದಾನ ಬಳಸಲು ಅನುಮತಿ ಕೇಳಿ. ಪತ್ರದಲ್ಲಿ ಹೊತ್ತು, ಜವಾಬ್ದಾರಿ ಹೊರುವ ಪೋಷಕರ ಹೆಸರು, ಬೀಗದ ಕೈ ಯಾರ ಹತ್ತಿರ ಎಂಬುದು ಸ್ಪಷ್ಟವಿರಲಿ. ಪ್ರತಿ ಸಲ ಇಬ್ಬರು ದೊಡ್ಡವರು ಇರಲೇಬೇಕು, ಒಬ್ಬರಂತೂ ಸಾಲದು. ಬಂದ ಮಕ್ಕಳ ಹೆಸರು, ಕರೆದೊಯ್ಯಲು ಬರುವವರ ಹೆಸರು ಒಂದು ಪುಸ್ತಕದಲ್ಲಿ ಬರೆಯಿರಿ. ಕುಡಿಯುವ ನೀರು, ಗಾಯಕ್ಕೆ ಹತ್ತಿ ಮತ್ತು ಔಷಧ, ಒಂದು ಹಗ್ಗ, ಎರಡು ಚೆಂಡು. ಚೆಂಡಿಗೆ ದುಡ್ಡು ಬೇಕಾದರೆ ಊರಿನ ಹಳೆಯ ವಿದ್ಯಾರ್ಥಿಗಳನ್ನು ಕೇಳಿ, ಕೊಡುತ್ತಾರೆ. ಆ ಎರಡು ಗಂಟೆ ದೊಡ್ಡವರೂ ಮೊಬೈಲ್ ಮುಟ್ಟಬಾರದು.

ಪಂಚಾಯಿತಿಯಲ್ಲಿ ಮಕ್ಕಳ ಗ್ರಾಮಸಭೆ ನಡೆಯುವ ದಿನ ಕೇಳಿ ತಿಳಿದುಕೊಳ್ಳಿ. ಮೈದಾನದಲ್ಲಿ ಮುಳ್ಳುಗಿಡ ಬೆಳೆದಿದೆ, ಶಾಲೆಯ ಕಾಂಪೌಂಡ್ ಬಿದ್ದಿದೆ, ಸಂಜೆ ಬೀದಿ ದೀಪವಿಲ್ಲ ಎಂಬುದನ್ನು ಮಕ್ಕಳೇ ಬರೆದುಕೊಂಡು ಹೋಗಿ ಸದಸ್ಯರನ್ನು ಕೇಳಲಿ. ಉತ್ತರ ಬಂದರೆ ಮೈದಾನ ಸಿಗುತ್ತದೆ. ಬರದಿದ್ದರೆ ಮುಂದಿನ ವರ್ಷವೂ ಅದೇ ಪ್ರಶ್ನೆಯನ್ನು ದಿನಾಂಕ ಸಹಿತ ಕೇಳಲಿ.

ವಾರ್ಷಿಕೋತ್ಸವದ ದಿನ

ವೇದಿಕೆಯ ಮೇಲೆ ನಿಂತ ಮಗು ಮೊದಲು ಹುಡುಕುವುದು ಅಮ್ಮನ ಮುಖವನ್ನು. ಎದುರಿಗೆ ಎತ್ತಿ ಹಿಡಿದ ಮೊಬೈಲುಗಳ ಸಾಲು ಇದ್ದರೆ ಮುಖ ಕಾಣುವುದಿಲ್ಲ. ಪೋಷಕರ ಸಭೆಯಲ್ಲೇ ಒಪ್ಪಿಕೊಳ್ಳಿ: ಚಿತ್ರೀಕರಣಕ್ಕೆ ಒಬ್ಬರು, ಉಳಿದವರು ಚಪ್ಪಾಳೆಗೆ. ವಿಡಿಯೊವನ್ನು ಆಮೇಲೆ ಎಲ್ಲರಿಗೂ ಹಂಚಿದರಾಯಿತು. ಬೇರೆಯವರ ಮಕ್ಕಳಿರುವ ಫೋಟೊವನ್ನು ಸ್ಟೇಟಸ್‌ಗೆ ಹಾಕುವ ಮುನ್ನ ಆ ಮಕ್ಕಳ ತಂದೆ ತಾಯಿಯನ್ನು ಕೇಳುವುದು ಸೌಜನ್ಯ.

ಕೆಲಸ ಹಂಚಿಕೊಳ್ಳಿ. ಬಾಳೆಕಂದು ಕಟ್ಟುವುದು, ಕೋಲಾಟದ ಕೋಲಿಗೆ ಬಣ್ಣದ ಕಾಗದ ಸುತ್ತುವುದು, ಬಂದವರಿಗೆ ಪಾನಕ ಕೊಡುವುದು. ಹಿಂದಿನ ಸಂಜೆಗಳಲ್ಲಿ ಈ ತಯಾರಿಗೆ ಮಕ್ಕಳನ್ನೂ ಕರೆದುಕೊಂಡು ಹೋದರೆ ಆ ವಾರವಿಡೀ ಮನೆಯಲ್ಲಿ ಮೊಬೈಲ್ ನೆನಪಾಗುವುದು ಕಡಿಮೆ.

ಮಳೆಗಾಲ ಮತ್ತು ಒಂದು ದಿನದ ಪ್ರವಾಸ

ಸಕಲೇಶಪುರ, ಆಲೂರಿನ ಕಡೆ ಜೂನ್ ತಿಂಗಳಿನಿಂದ ಮಳೆ ಹಿಡಿದರೆ ಹೊರಗಿನ ಆಟ ನಿಲ್ಲುತ್ತದೆ. ಆ ತಿಂಗಳುಗಳಿಗೆ ನಿಯಮ ಸ್ವಲ್ಪ ಸಡಿಲಿಸಿ; ವಾರಕ್ಕೊಂದು ಸಿನಿಮಾವನ್ನು ಎಲ್ಲರೂ ಒಟ್ಟಿಗೆ ಕುಳಿತು ನೋಡುವುದು ತಪ್ಪಲ್ಲ. ಮಳೆ ಬಿಟ್ಟ ಭಾನುವಾರ ಎರಡು ಮೂರು ಕುಟುಂಬದವರು ಸೇರಿ ಹಳೇಬೀಡಿಗೆ ಹೋಗಿ ಬನ್ನಿ, ಹಾಸನದಿಂದ ಸುಮಾರು 30 ಕಿಲೋಮೀಟರ್. ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಮಕ್ಕಳ ಕೈಗೆ ಒಂದು ನೋಟ್‌ಬುಕ್, ಪೆನ್ಸಿಲ್ ಕೊಡಿ. ಹೊಯ್ಸಳೇಶ್ವರನ ಗೋಡೆಯ ತಳದಲ್ಲಿ ಮೊದಲ ಸಾಲು ಆನೆ, ಅದರ ಮೇಲೆ ಸಿಂಹ, ಆಮೇಲೆ ಬಳ್ಳಿ, ಕುದುರೆ. ಮೇಲಕ್ಕೆ ಹೋದಂತೆ ಪುರಾಣದ ಕಥೆಗಳು, ಮಕರ, ಹಂಸ. ಒಂದೇ ಥರದ ಎರಡು ಆನೆ ಹುಡುಕಿ ಎಂದು ಹೇಳಿಬಿಡಿ. ಸೊಂಡಿಲು ಒಂದರದು ಹೀಗೆ, ಇನ್ನೊಂದರದು ಹಾಗೆ ಎಂದು ಮಕ್ಕಳು ಗೋಡೆಗುಂಟ ನಡೆಯುತ್ತಲೇ ಇರುತ್ತಾರೆ. ಬರುವಾಗ ಅವರು ಬರೆದ ಚಿತ್ರಗಳನ್ನು ಶಾಲೆಯ ಗೋಡೆಪತ್ರಿಕೆಗೆ ಕೊಡಿ.

ಕೈಮೀರಿದೆ ಎನಿಸಿದರೆ

ತಿಂಗಳುಗಟ್ಟಲೆ ರಾತ್ರಿ ನಿದ್ದೆ ಬಿಟ್ಟು ನೋಡುವುದು, ಶಾಲೆಗೆ ಹೋಗಲು ಒಪ್ಪದಿರುವುದು, ಊಟ ಬಿಡುವುದು, ಫೋನ್ ತೆಗೆದರೆ ಕೈ ಎತ್ತುವುದು, ಆಟಕ್ಕಾಗಿ ಮನೆಯಲ್ಲಿ ಹಣ ಕದಿಯುವುದು, ಗೆಳೆಯರನ್ನೆಲ್ಲ ದೂರ ಮಾಡುವುದು: ಇವು ಹಟದ ಲಕ್ಷಣಗಳಲ್ಲ, ಚಿಕಿತ್ಸೆ ಬೇಕಾದ ಲಕ್ಷಣಗಳು. ನಾಚಿಕೆಪಡದೆ ಸಹಾಯ ಕೇಳಿ. ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಹಾಸನದ ಹಿಮ್ಸ್ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗವಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಗೇಮ್‌ಗಳ ಅತಿಬಳಕೆಗೆಂದೇ 2014ರಿಂದ ‘ಶಟ್’ ಕ್ಲಿನಿಕ್ ನಡೆಯುತ್ತಿದೆ. ಆನ್‌ಲೈನ್‌ನಲ್ಲಿ ಯಾರಾದರೂ ಮಗುವನ್ನು ಬೆದರಿಸುತ್ತಿದ್ದರೆ, ಚಿತ್ರ ಕೇಳುತ್ತಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಮಗುವಿಗೆ ಬೈದರೆ ಅದು ಮುಂದೆ ಯಾವುದನ್ನೂ ಹೇಳುವುದಿಲ್ಲ, ಆದ್ದರಿಂದ ಮೊದಲ ಮಾತು “ಹೇಳಿದ್ದು ಒಳ್ಳೆಯದಾಯಿತು” ಎಂದೇ ಇರಲಿ.

ಬೇಸಿಗೆ ರಜೆಗೆ ಈಗಲೇ ಯೋಚಿಸಿ

ಏಪ್ರಿಲ್ ಎರಡನೆಯ ವಾರದಿಂದ ಮೇ ಕೊನೆಯವರೆಗೆ ರಜೆ. ಇಡೀ ವರ್ಷ ಹಿಡಿತದಲ್ಲಿದ್ದದ್ದು ಆಗ ಕೈತಪ್ಪುತ್ತದೆ, ಏಕೆಂದರೆ ಮೂರು ಗಂಟೆಯ ಬದಲು ಇಡೀ ದಿನ ಖಾಲಿ. ಮಾರ್ಚ್‌ನಲ್ಲೇ ಮಗುವಿನ ಜತೆ ಕುಳಿತು ಪಟ್ಟಿ ಮಾಡಿ: ಎಷ್ಟು ದಿನ ಅಜ್ಜಿಯ ಊರು, ಎಷ್ಟು ದಿನ ಶಾಲೆಯಲ್ಲೋ ಗ್ರಂಥಾಲಯದಲ್ಲೋ ನಡೆಯುವ ಶಿಬಿರ, ಯಾವ ವಾರ ಸೈಕಲ್ ಕಲಿಯುವುದು, ಯಾವ ವಾರ ಈಜು. ಅಜ್ಜಿಯ ಊರಿಗೆ ಕಳಿಸುವಾಗ ಮೂರು ನಿಯಮ ಬರೆದ ಹಾಳೆಯ ಒಂದು ಪ್ರತಿಯನ್ನು ಚೀಲದಲ್ಲಿಡಿ. ಅಲ್ಲಿನ ಮಾವ, ಚಿಕ್ಕಮ್ಮನಿಗೆ ಮೊದಲೇ ಫೋನ್ ಮಾಡಿ ತಿಳಿಸಿ; ಬಂದ ಮಗುವಿಗೆ ಪ್ರೀತಿಯಿಂದ ಮೊದಲು ಕೊಡುವುದು ಅವರ ಫೋನನ್ನೇ. ಶನಿವಾರದ ಮೈದಾನವನ್ನು ರಜೆಯಲ್ಲೂ ನಿಲ್ಲಿಸಬೇಡಿ, ಬಿಸಿಲಿಗೆ ಬೆಳಿಗ್ಗೆ ಏಳರಿಂದ ಒಂಬತ್ತಕ್ಕೆ ಬದಲಿಸಿಕೊಳ್ಳಿ. ಅದಕ್ಕೂ ಮುಖ್ಯ ಶಿಕ್ಷಕರ ಅನುಮತಿ ಬೇಕು. ಶಾಲೆ ಮುಚ್ಚುವ ಮೊದಲೇ ಪತ್ರ ಕೊಟ್ಟು, ಬೀಗದ ಕೈ ಪಡೆದಿಟ್ಟುಕೊಳ್ಳಿ.